ಹೆಣೆದ ಬೆರಳು

"ಸುತ್ತಿ ಬಳಸಿ ಹೇಳ್ಬೇಡ ಕಣೆ. ನನ್ನ ಹತ್ರ ನಿನ್ನ ಕೌಂಟರ್ ಮಾತು ಬೇಡ. ಕೊನೇ ಗಳಿಗೆ ಅಂತಾದ್ರೆ ಅವರ ಕೈ ಹಿಡ್ಕೊಂಡು ಕೂತಿರ್ಬೇಕು ನಾನು. ಅಷ್ಟೇ."

ಅಕ್ಕ ಹೀಗೆ ಹೇಳಿ ತಂಗಿಯ ಮುಖವನ್ನೇ ನೋಡಿದಳು. ಒಳಗೆ ಆಸ್ಪತ್ರೆಯ ಕೋಣೆಯಲ್ಲಿ ಭಾವ ಹಾಸಿಗೆ ಹಿಡಿದು ವಾರವಾಗಿತ್ತು. ತಂಗಿ ಅದೇ ಆಸ್ಪತ್ರೆಯ ವಿಚಾರಣೆ ಕೌಂಟರಿನವಳು. ಈಗಷ್ಟೇ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದು, "ಸಂಜೆ ತನಕ ಇದ್ರೆ ಹೆಚ್ಚು. ನಿಮ್ಮಕ್ಕನಿಗೆ ನೀವೇ ಹೇಳಿ," ಎಂದು ಹೋಗಿದ್ದರು.

ಹೇಳುವುದೇ ಅವಳ ಕೆಲಸ. ಸೇರಿದ ಹೊಸತರಲ್ಲಿ ಇಂಗ್ಲಿಷು ಅವಳಿಗೆ ಕಬ್ಬಿಣದ ಕಡಲೆ. ಒಮ್ಮೆ ಕನ್ನಡ ಬಾರದ ಯಾರಿಗೋ ಸಮಾಧಾನ ಹೇಳಹೋಗಿ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬುದನ್ನು ಪದಕ್ಕೆ ಪದ ಇಂಗ್ಲಿಷಿಗೆ ತಿರುಗಿಸಿದ್ದಳು. ಆತ ಕಣ್ಣೊರೆಸಿಕೊಂಡು, ತನಗೆ ಹಸಿವಿಲ್ಲವೆಂದ. ಕೌಂಟರಿನವರೆಲ್ಲ ಎಷ್ಟೋ ದಿನ ಹಲ್ಲು ಕಿಸಿದರು. ಕೊನೆಗೆ ಮೇಲ್ವಿಚಾರಕಿಯೇ ಕೂರಿಸಿಕೊಂಡು ತಿದ್ದಿದರು: "ಇಂಗ್ಲಿಷಿನವರ ಮಾತು ಅವರ ಥರಾನೇ ಬರ್ಬೇಕಮ್ಮ. ಬಾಯಷ್ಟೇ ಅಲ್ಲ, ಕೈ, ಕಣ್ಣು ಎಲ್ಲಾ ಸೇರ್ಬೇಕು." ಅವಳು ಹಟ ಹಿಡಿದು, ಕನ್ನಡಿಯ ಮುಂದೆ ನಿಂತು ಕಲಿತಳು. ಈಗ ನೀರು ಕುಡಿದಷ್ಟು ಸಲೀಸು. ಎಂಥ ಕೆಟ್ಟ ಸುದ್ದಿಗೂ ಅವಳಲ್ಲಿ ಒಂದು ನಯದ ಮಾತಿನ ಹೊದಿಕೆ ಸಿದ್ಧವಿರುತ್ತಿತ್ತು.

ಭಾವ ಉಳಿಯಲ್ಲ ಅಕ್ಕಾ. ಇಷ್ಟೇ ಮಾತು. ಅದನ್ನು ಹೇಳಬೇಕಿತ್ತು. ಬದಲಿಗೆ ಮುಖಕ್ಕೆ ಕೌಂಟರಿನ ನಗು ಬಂತು. ಬಲಗೈಯ ತೋರುಬೆರಳ ಮೇಲೆ ನಡುಬೆರಳು ತಾನಾಗಿಯೇ ಏರಿ ಕೂತಿತು.

"ಲೆಟ್ಸ್ ಕೀಪ್ ಅವರ್ ಫಿಂಗರ್ಸ್ ಕ್ರಾಸ್ಡ್, ಅಕ್ಕಾ."

"ಹಂಗಂದ್ರೆ?"

"ಒಳ್ಳೇದಾಗ್ಲಿ ಅಂತ... ಹಿಂಗೆ ಬೆರಳು ಹೆಣ್ಕೊಳ್ಳೋದು."

ಅಕ್ಕನಿಗೆ ಹೋದ ಜೀವ ಬಂದಂತಾಯಿತು. "ಅಂದ್ರೆ ಆಸೆ ಇದೆ ಅನ್ನು! ಬಾಯಿಬಿಟ್ಟು ಹೇಳೋಕೇನಾಗಿತ್ತು ನಿಂಗೆ?" ಎಂದು ತಾನೂ ಬೆರಳು ಹೆಣೆದು, ಸರಿಯಾಯಿತೇ ಎಂದು ತೋರಿಸಿದಳು. "ಹಾಗಿದ್ರೆ ಮನೆಗೆ ಹೋಗಿ ಅವರ ಅಂಗಿ ತಂದ್ಬಿಡ್ತೀನಿ. ಈ ಆಸ್ಪತ್ರೆ ಅಂಗಿ ಕಂಡ್ರೆ ಅವರಿಗಾಗಲ್ಲ."

ಹೋಗಬೇಡ ಎನ್ನಬೇಕಿತ್ತು. ರಟ್ಟೆ ಹಿಡಿದು ನಿಲ್ಲಿಸಬೇಕಿತ್ತು. ಎಷ್ಟೋ ದಿನಗಳ ಮೇಲೆ ನಕ್ಕ ಆ ಮುಖವನ್ನು ಕೆಡಿಸಲಾರದೆ, ಹೇಡಿಯಂತೆ ಅವಳನ್ನು ಲಿಫ್ಟಿನವರೆಗೆ ಬಿಟ್ಟುಬಂದಳು.

ಭಾವ ಸಂಜೆಯವರೆಗೂ ಕಾಯಲಿಲ್ಲ. ತಂಗಿ ಮೇಲಿಂದ ಮೇಲೆ ಫೋನು ಮಾಡಿದಳು, ಅಕ್ಕ ಎತ್ತಲಿಲ್ಲ. ಕೊನೆಗೆ ತಾನೇ ಒಳಗೆ ಹೋಗಿ ಭಾವನ ಕೈ ಹಿಡಿದಳು. ಹಿಡಿಯಬೇಕಾದವಳು ಅವಳಲ್ಲ.

ಲಿಫ್ಟಿನ ಬಾಗಿಲು ತೆರೆಯಿತು. ಅಕ್ಕನ ಎಡಗೈಯಲ್ಲಿ ಚೀಲ, ಅದರೊಳಗೆ ಇಸ್ತ್ರಿ ಮಾಡಿದ ಅಂಗಿ. ಬಲಗೈಯನ್ನು ಮಕ್ಕಳಂತೆ ಎತ್ತಿ ತೋರಿಸಿದಳು. ಬೆರಳ ತುದಿಗಳು ಬಿಳಿಚಿಕೊಂಡಿದ್ದವು.

"ನಿನ್ನ ಫೋನು ಕೇಳಿಸ್ತು. ಎತ್ತೋಕೆ ಹೋದ್ರೆ ಬೆರಳು ಬಿಡ್ಬೇಕಲ್ಲ ಅಂತ ಸುಮ್ನಾದೆ," ಎಂದಳು ಏದುಸಿರು ಬಿಡುತ್ತ. "ದಾರೀಲೆಲ್ಲೂ ಬಿಟ್ಟಿಲ್ಲ ಕಣೆ. ಈಗ ಬಿಡ್ಬಹುದಾ?"

ತಂಗಿ ಆ ಕೈಯನ್ನು ತೆಗೆದುಕೊಂಡು, ಜೋಮು ಹಿಡಿದ ಬೆರಳುಗಳನ್ನು ಮೆಲ್ಲಗೆ ಬಿಡಿಸತೊಡಗಿದಳು.