ಹುಣಸಿಗಡ್ಡಿಯ ಬೂಬಮ್ಮ

ಕರೀಮಾಬಿಯ ಪಾಲಿಗೆ ಹೊಳೆ ಎಂದರೆ ಮಸ್ಕಿಯ ಹಳ್ಳ. ಜೋರು ಮಳೆ ಬಂದರೆ ಕೆಂಪಗೆ ಹರಿದು, ಮರುದಿನ ಮೊಣಕಾಲಿಗೆ ಇಳಿದು, ಬೇಸಿಗೆಯಲ್ಲಿ ಅರಿವೆ ಒಗೆಯಲು ಬಂದವರಿಂದ ಉಸುಕು ತೋಡಿಸುವ ಹಳ್ಳ. ಹಾಗಾಗಿ ಆ ಆಷಾಢದಲ್ಲಿ ಉಪ್ಪಿನ ಬಂಡಿಯೊಂದನ್ನು ಏರಿ ಲಿಂಗಸುಗೂರು ಮುಟ್ಟಿ, ಅಲ್ಲಿಂದ ಇನ್ನೊಂದು ಬಂಡಿ ಹಿಡಿದು ಕೃಷ್ಣೆಯ ದಂಡೆಗೆ ಇಳಿದಾಗ ಆಕೆ ಎರಡು ಹೆಜ್ಜೆ ಹಿಂದೆ ಸರಿದಳು. ಎದುರಿಗೆ ಕಣ್ಣು ಹರಿಯುವಷ್ಟೂ ನೀರು. ನೀರಿನ ನಡುವೆ ದನ ಮಲಗಿದಂತೆ ಉದ್ದಕ್ಕೆ ಚಾಚಿಕೊಂಡ ಒಂದು ನಡುಗಡ್ಡೆ. ಅದರ ಮೇಲೆ ಹುಣಸೆಮರಗಳು, ಮಣ್ಣಿನ ಮಾಳಿಗೆಗಳು, ಒಂದೆರಡು ಕಡೆ ಹೊಗೆ.

"ಇದಽ ನಮ್ಮ ಹುಣಸಿಗಡ್ಡಿರೀ" ಎಂದ ಗದ್ದೆಪ್ಪ. ಆಕೆಯನ್ನು ದಾಟಿಸಲೆಂದೇ ಬೆಳಗಿನಿಂದ ಹರಿಗೋಲು ತಂದು ಕಾದಿದ್ದ.

ಕರೀಮಾಬಿ ಹರಿಗೋಲನ್ನು ಸುತ್ತ ನೋಡಿದಳು. ಬಿದಿರು ಹೆಣೆದು ಕೆಳಗೆ ತೊಗಲು ಬಿಗಿದ ದೊಡ್ಡ ಬುಟ್ಟಿ. "ಬುಟ್ಟಿಯೊಳಗ ರೊಟ್ಟಿ ಇಡತಾರಪ್ಪ" ಎಂದಳು, "ಮಂದೀನ ಇಡೂದು ನಾ ಎಲ್ಲೂ ನೋಡಿಲ್ಲ."

"ನೀರು ನೋಡಬ್ಯಾಡ್ರಿ. ನನ್ನ ಮಾರಿ ನೋಡ್ಕೋಂತ ಕುಂದರ್ರಿ."

"ನಿನ್ನ ಮಾರಿ ಏನು ಧೈರ್ಯ ಕೊಡೂ ಮಾರಿನ?" ಎನ್ನುತ್ತಲೇ ಆಕೆ ಸೆರಗು ಬಿಗಿದು, ಕಲಮಾ ಹೇಳಿಕೊಳ್ಳುತ್ತ ಬುಟ್ಟಿಯೊಳಗೆ ಕುಳಿತಳು. ಹರಿಗೋಲು ಗಿರಗಿರ ತಿರುಗಿತು. ಗದ್ದೆಪ್ಪ ನಗು ನುಂಗಿಕೊಂಡು ಹುಟ್ಟು ಹಾಕಿದ.

ಆಕೆ ಮಸ್ಕಿಯ ಸೂಲಗಿತ್ತಿ. ಗಂಡ ತೀರಿ ಎಷ್ಟೋ ವರ್ಷಗಳಾಗಿದ್ದವು. ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿರಲಿಲ್ಲ. ಕೈಯಲ್ಲಿ ಹುಟ್ಟಿದವರು ಮಾತ್ರ ಬಜಾರದ ತುಂಬ ಇದ್ದರು. ಪಕ್ಕದ ಮನೆಯ ಯಂಕಮ್ಮನ ಮಗಳು ಗಾಳೆಮ್ಮನೂ ಅವರಲ್ಲಿ ಒಬ್ಬಳು. ಹುಟ್ಟಿದ ಗಳಿಗೆಯಿಂದ ಆಕೆಯ ಪಡಸಾಲೆಯಲ್ಲೇ ಆಡಿ ಬೆಳೆದ ಹುಡುಗಿ. ಆಕೆಯನ್ನು ಈ ಗದ್ದೆಪ್ಪನಿಗೆ ಕೊಟ್ಟ ಮರುವರ್ಷವೇ ಯಂಕಮ್ಮ ಕಣ್ಣು ಮುಚ್ಚಿದಳು. ಈಗ ಗಾಳೆಮ್ಮನಿಗೆ ಚೊಚ್ಚಲ ಬಸಿರು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕು. ತವರಿನಲ್ಲಿ ತಾಯಿಯೇ ಇಲ್ಲವಲ್ಲ ಎಂದು ಓಣಿಯವರು ಮರುಗಿದಾಗ ಕರೀಮಾಬಿ, "ನಾ ಸತ್ತೀನೇನು?" ಎಂದು ಕೇಳಿ, ಕೋಳಿಗಳನ್ನು ಎದುರುಮನೆಗೆ ಒಪ್ಪಿಸಿ, ಹುಡುಗಿಯನ್ನು ಕರೆತರಲು ಹೊರಟುಬಂದಿದ್ದಳು.

ಗಡ್ಡೆಯ ಮೇಲೆ ಕಾಲಿಟ್ಟೊಡನೆ ಗಾಳೆಮ್ಮ "ಚಾಚಿ" ಎನ್ನುತ್ತ ತುಂಬಿದ ಹೊಟ್ಟೆ ಹಿಡಿದುಕೊಂಡೇ ಬಂದು ತಬ್ಬಿದಳು. ಹಿಂದೆ ನಿಂತಿದ್ದವಳು ಅತ್ತೆ ಕರೆಮ್ಮ. ಒಣಗಿದ ಮೈ, ಮಾತು ಕಡಿಮೆ, ನೋಟ ನೇರ.

"ನಾಳೆ ಮುಂಜಾನೆ ಹೊಂಡತೀವಿ" ಎಂದಳು ಕರೀಮಾಬಿ, ಕುಳಿತ ತಕ್ಷಣ.

"ನಾಳೆ ಹೊಳಿ ಏನಂತೈತಿ ನೋಡೂಣು" ಎಂದಳು ಕರೆಮ್ಮ.

ಸೊಸೆಯನ್ನು ಕಳಿಸಲು ಮನಸ್ಸಿಲ್ಲದ ಅತ್ತೆಯ ಮಾತಿದು ಎಂದು ಕರೀಮಾಬಿ ತಿಳಿದಳು. ಬೆಳಗಾಗೆದ್ದು ಹೊರಗೆ ಬಂದರೆ ಆಕಾಶ ನೀಲಿ, ಎಲ್ಲೂ ಮೋಡದ ತುಣುಕಿಲ್ಲ. ಆದರೆ ನಿನ್ನೆ ದಾಟಿದ ನೀರು ಅದಾಗಿರಲಿಲ್ಲ. ಬೇರು ಸಮೇತ ಮರಗಳು ತೇಲಿ ಹೋಗುತ್ತಿದ್ದವು. ಸದ್ದು ಎಂಥದ್ದೆಂದರೆ ಪಕ್ಕದಲ್ಲಿ ನಿಂತವರ ಮಾತು ಕೇಳಲು ಕಿವಿ ಕೊಡಬೇಕು.

"ಮಳಿನ ಇಲ್ಲಲ್ಲ?"

"ಮಳಿ ಘಟ್ಟದ ಕಡೆ ಬಿದ್ದೈತಿ" ಎಂದಳು ಕರೆಮ್ಮ. "ನಮ್ಮ ಪಾಲಿಗೆ ಬರೇ ನೀರು ಬರತೈತಿ."

"ಯಾವಾಗ ಇಳೀತೈತಿ?"

"ಗಣಪತಿ ಹಬ್ಬಕ್ಕ ಇಳಿದ್ರೂ ಇಳೀತು, ಮಾನೌಮಿಗೆ ಇಳಿದ್ರೂ ಇಳೀತು. ಅದನ್ನ ಕೇಳಿದವರು ಯಾರು?"

ಕರೀಮಾಬಿ ಅಲ್ಲೇ ಒಂದು ಬಂಡೆಯ ಮೇಲೆ ಕುಳಿತುಬಿಟ್ಟಳು. ಅಂದಿನಿಂದ ಕರೆಮ್ಮನ ಜೊತೆ ಮಾತು ಬಿಟ್ಟಳು.

ಮಾತು ಬಿಟ್ಟರೂ ಕಣ್ಣು ಬಿಡಲಾಗುವುದಿಲ್ಲವಲ್ಲ. ದಿನಗಳು ಉರುಳಿದಂತೆ ಆಕೆ ಊರನ್ನು ನೋಡತೊಡಗಿದಳು. ಒಂದೇ ಓಣಿ. ಅದು ನೀರಿನ ಅಂಚಿನಿಂದ ಹೊರಟು ಏರು ಹತ್ತಿ ಗದ್ದೆಮ್ಮ ದೇವಿಯ ಗುಡಿಯ ಮುಂದೆ ನಿಲ್ಲುತ್ತಿತ್ತು. ಗಡ್ಡೆಯನ್ನು ಕಾಯುವ ದೇವಿ ಆಕೆ. ಹುಟ್ಟಿದ ಮಕ್ಕಳಲ್ಲಿ ಅರ್ಧಕ್ಕರ್ಧ ಜನಕ್ಕೆ ಗದ್ದೆಪ್ಪ, ಗದ್ದೆಮ್ಮ ಎಂದೇ ಹೆಸರು. ಹೀಗಾಗಿ ಕುಂಟ ಗದ್ದೆಪ್ಪ, ಮೀನದ ಗದ್ದೆಪ್ಪ, ನಗೂ ಗದ್ದೆಮ್ಮ ಎಂದು ಬಾಲ ಹಚ್ಚಿ ಕರೆಯಬೇಕು. ಅಂಗಡಿಯಿಲ್ಲ, ಚಾವಡಿಯಿಲ್ಲ. ನಿಜಾಮರ ಸರಕಾರವೆಂದರೆ ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ನಡೆದು ಬರುವ ತಹಸೀಲಿನ ಜವಾನ. ಅವನು ಉಸುಕಿನಲ್ಲಿ ಬೆಳೆದ ಕಲ್ಲಂಗಡಿ ತಿಂದು, ಇನ್ನೆರಡನ್ನು ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಿದ್ದ. ಯುದ್ಧದ ಕಾಲವಾದ್ದರಿಂದ ಚಿಮಣಿ ಎಣ್ಣೆ ಸಿಗುತ್ತಿರಲಿಲ್ಲ. ಬೆಳಕಿರುವಾಗಲೇ ಉಂಡು ಮುಗಿಸಿ, ಕತ್ತಲಾದರೆ ಕುಸುಬಿ ಎಣ್ಣೆಯ ಹಣತೆ ಹಚ್ಚುತ್ತಿದ್ದರು. ಪ್ರತಿ ಮನೆಯ ತೊಲೆಗೂ ಒಣಗಿದ ಸೋರೆ ಬುರುಡೆಗಳ ಗೊಂಚಲು ನೇತಾಡುತ್ತಿತ್ತು. ಅದನ್ನು ನಡುವಿಗೆ ಕಟ್ಟಿಕೊಂಡು ಇಲ್ಲಿನ ಗಂಡಸರು ಹೊಳೆ ಈಜುತ್ತಾರೆಂದು ತಿಳಿದಾಗ ಕರೀಮಾಬಿ, "ಸೋರೀಕಾಯಿ ಪಲ್ಯ ಮಾಡೂದು ಬಿಟ್ಟು ಇದೆಂಥಾ ಹುಚ್ಚು" ಎಂದಳು. ಎದುರುಮನೆಯ ನಗೂ ಗದ್ದೆಮ್ಮ ಅದನ್ನು ಊರೆಲ್ಲ ಹೇಳಿಕೊಂಡು ನಕ್ಕಳು.

ಮುಸಲ್ಮಾನರ ಬೂಬಮ್ಮ ಬಂದಾಳಂತೆ, ಸೂಲಗಿತ್ತಿಯಂತೆ ಎಂದು ಸುದ್ದಿ ಹಬ್ಬಿ, ಹೆಂಗಸರು ಕೂಸುಗಳನ್ನು ಎತ್ತಿಕೊಂಡು ಬರತೊಡಗಿದರು. ಉಳುಕಿದ ಕೈ, ಹಾಲು ಕುಡಿಯದ ಮಗು, ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡ ಹೊಟ್ಟೆನೋವು. ಕೈ ತುಂಬ ಕೆಲಸ ಸಿಕ್ಕಿದ ಮೇಲೆ ಕರೀಮಾಬಿಯ ಸಿಟ್ಟು ಕರಗುತ್ತ ಬಂತು. ಬಂದವರು ಬರಿಗೈಯಲ್ಲಿ ಬರುತ್ತಿರಲಿಲ್ಲ. ಒಬ್ಬಳು ಸುಟ್ಟ ಮೀನು, ಇನ್ನೊಬ್ಬಳು ಹುಣಸೆ ಚಿಗುರು ತಂದಿಟ್ಟು ಹೋಗುತ್ತಿದ್ದಳು.

ಕರೆಮ್ಮ ತಾನಾಗಿ ಮಾತಿಗೆ ಬರಲಿಲ್ಲ. ಆದರೆ ಕರೀಮಾಬಿ ಮಾಳಿಗೆ ಹತ್ತಿ ನಮಾಜಿಗೆ ಅರಿವೆ ಹಾಸುವ ಹೊತ್ತಿಗೆ ಅಲ್ಲಿನ ಆಡುಗಳನ್ನು ಅಟ್ಟಿ, ಕಸ ಬಳಿದು, ಒಂದು ಚರಿಗೆ ನೀರು ಇಟ್ಟು ಇಳಿದುಹೋಗಿರುತ್ತಿದ್ದಳು. ಕರೀಮಾಬಿಗೆ ಇದು ಗೊತ್ತಾಗಿದ್ದು ತಡವಾಗಿ. ಅವತ್ತು ಆಕೆ ಕೆಳಗಿಳಿದು ಬಂದು ಒಲೆಯ ಮುಂದೆ ಕುಳಿತು, ಹುಳಿ ಹಿಂಡಿದ ಮೀನಿನ ಸಾರಿಗೆ ರೊಟ್ಟಿ ಅದ್ದಿ ತಿಂದು, "ಉಪ್ಪು ಸ್ವಲ್ಪ ಕಡಿಮಿ ಆಗೈತಿ" ಎಂದಳು.

"ಆಡಾಕ ಬಾಯಿ ಐತಿ ಹಂಗಾರ" ಎಂದಳು ಕರೆಮ್ಮ, ಉಪ್ಪಿನ ಮಡಕೆಯನ್ನು ಆಕೆಯ ಕಡೆ ಸರಿಸುತ್ತ.

ಆಮೇಲೆ ಇಬ್ಬರಿಗೂ ಜಗಳಕ್ಕೆ ಕೊರತೆಯಾಗಲಿಲ್ಲ. ಬಸುರಿ ಮೀನು ತಿನ್ನಬೇಕೋ ಬೇಡವೋ, ಬೆನ್ನಿಗೆ ಔಡಲೆಣ್ಣೆ ಹಚ್ಚಬೇಕೋ ಕುಸುಬಿ ಎಣ್ಣೆಯೋ, ಎಲ್ಲದಕ್ಕೂ ಆಕೆ ಒಂದು ಅಂದರೆ ಈಕೆ ಇನ್ನೊಂದು. ಗಾಳೆಮ್ಮ ನಡುವೆ ಕುಳಿತು ಇಬ್ಬರು ಕೊಟ್ಟಿದ್ದನ್ನೂ ತಿನ್ನುತ್ತಿದ್ದಳು.

ಶ್ರಾವಣದ ಕೊನೆಯಲ್ಲಿ ಹೊಳೆ ಮತ್ತೊಮ್ಮೆ ಏರಿತು. ಈ ಸಲ ನಿಲ್ಲಲಿಲ್ಲ. ಬೆಳಿಗ್ಗೆ ನೀರು ಓಣಿಯ ಕೆಳತುದಿಗೆ ಬಂತು. ಊಟದ ಹೊತ್ತಿಗೆ ಕರೆಮ್ಮನ ಕಟ್ಟೆ ಮುಟ್ಟಿತು. ಯಾರೂ ಕೂಗಾಡಲಿಲ್ಲ. ಜೋಳದ ಚೀಲ, ಒನಕೆ, ಕೋಳಿ ಬುಟ್ಟಿ, ಮುದುಕರು ಎಲ್ಲವನ್ನೂ ಹೊತ್ತು ಮೇಲಿನ ಮನೆಗಳಿಗೆ ಸಾಗಿಸತೊಡಗಿದರು. ಆ ಗದ್ದಲದಲ್ಲಿಯೇ ಗಾಳೆಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತು, "ಚಾಚಿ, ನೀರು ಹ್ವಾದ್ವು" ಎಂದಳು. ಹೆರಿಗೆಯ ನೀರು ಒಡೆದಿತ್ತು.

ಆಕೆಯನ್ನು ಹೊರಸಿನ ಮೇಲೆ ಮಲಗಿಸಿ ಏರು ಹತ್ತಿಸಿದರು. ಮೇಲಿನ ಮನೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಡಸಾಲೆಯಲ್ಲಿ ಜನ, ಅಡುಗೆಮನೆಯಲ್ಲಿ ಆಡು, ಕೋಣೆಯಲ್ಲಿ ಜೋಳ. ಬಾಗಿಲು ಮುಚ್ಚಬಹುದಾದ, ಒಣಗಿದ, ಖಾಲಿ ಜಾಗ ಊರಲ್ಲಿ ಒಂದೇ ಉಳಿದಿತ್ತು. ಎಲ್ಲರಿಗೂ ಅದು ಕಾಣುತ್ತಿತ್ತು, ಬಾಯಿಬಿಟ್ಟು ಹೇಳುವವರಿರಲಿಲ್ಲ.

ಗುಡಿಯ ಮುಂದೆ ಹೊರಸು ಇಳಿಸಿದರು. ಗಾಳೆಮ್ಮ ತುಟಿ ಕಚ್ಚಿ ನರಳುತ್ತಿದ್ದಳು. "ಗುಡಿಯಾಗ ಹೆರಿಗಿ ಅಂದ್ರ ಹ್ಯಾಂಗಪ್ಪ" ಎಂದು ಮುದುಕನೊಬ್ಬ ಗೊಣಗಿದ. ಕರೀಮಾಬಿ ಹುಡುಗಿಯ ಹೊಟ್ಟೆ ಮುಟ್ಟಿ ನೋಡಿದಳು. ಕೂಸಿನ ತಲೆ ಇರಬೇಕಾದಲ್ಲಿ ಇರಲಿಲ್ಲ. ಆಕೆ ಯಾರಿಗೂ ಹೇಳಲಿಲ್ಲ. ಕರೆಮ್ಮ ಮಾತ್ರ ಆಕೆಯ ಮುಖವನ್ನು ನೋಡಿದಳು, ನೋಡಿ ಪೂಜಾರಿ ನರಸಣ್ಣನ ಕಡೆ ತಿರುಗಿದಳು.

"ನರಸಣ್ಣ, ಏನರ ಒಂದು ಮಾಡು."

ನರಸಣ್ಣ ವಯಸ್ಸಾದ ಮನುಷ್ಯ. ಆ ಗುಡಿಯ ಬಾಗಿಲನ್ನು ಅವನ ಅಪ್ಪ, ಅಜ್ಜ ತೆರೆದು ಮುಚ್ಚುತ್ತ ಬಂದಿದ್ದರು. ಅವನು ಹೆಗಲ ಮೇಲಿನ ಕಂಬಳಿ ತೆಗೆದುಕೊಂಡು ಒಳಗೆ ಹೋದ. ಹೊರಗೆ ಬಂದಾಗ ಅವನ ತೋಳುಗಳಲ್ಲಿ ದೇವಿಯಿದ್ದಳು. ಅರಿಸಿನ ಕುಂಕುಮ ಮೆತ್ತಿದ ಕಟ್ಟಿಗೆಯ ಮೂರ್ತಿ. ಜ್ವರ ಬಂದ ಮಗುವಿಗೆ ಹೊದಿಸುವಂತೆ ಆಕೆಯನ್ನು ಕಂಬಳಿಯಲ್ಲಿ ಸುತ್ತಿದ್ದ. ಹುಣಸೆಮರದ ಬುಡದಲ್ಲಿ ಒಂದು ಮಣೆ ಹಾಕಿಸಿ ಆಕೆಯನ್ನು ಕೂರಿಸಿದ.

"ಊರಿಗೆಲ್ಲ ಮಕ್ಕಳನ್ನ ಕೊಟ್ಟಾಕಿ ಆಕಿ" ಎಂದ. "ಒಂದು ಕೂಸಿಗೆ ಜಾಗ ಬಿಡು ಅಂದ್ರ ಒಲ್ಲೆ ಅನ್ನಂಗಿಲ್ಲ."

ಗಾಳೆಮ್ಮನನ್ನು ಒಳಗೆ ಒಯ್ದರು. ಕರೀಮಾಬಿ ಹೊಸ್ತಿಲಲ್ಲಿ ನಿಂತಳು. ಮಸ್ಕಿಯಲ್ಲಿ ಎಷ್ಟೋ ಮನೆಗಳ ಒಳಕೋಣೆ ಹೊಕ್ಕವಳು, ಗುಡಿಯ ಹೊಸ್ತಿಲನ್ನು ಎಂದೂ ದಾಟಿದವಳಲ್ಲ. "ನಾ ಬರಬಹುದೇನಪ್ಪ?" ಎಂದು ಕೇಳಿದಳು.

"ಅವ್ವ ಹೊರಗ ಬಂದು ಕುಂತಾಳ" ಎಂದ ನರಸಣ್ಣ. "ಈಗ ಅದು ಗುಡಿ ಅಲ್ಲ, ಹೆರಿಗಿ ಮನಿ. ಹೆರಿಗಿ ಮನಿಗೆ ನೀನಽ ಯಜಮಾನಿ."

ಆಮೇಲಿನದು ಕಷ್ಟದ ಮಧ್ಯಾಹ್ನ. ಕೂಸು ಕಾಲು ಮುಂದೆ ಮಾಡಿಕೊಂಡು ಬರುತ್ತಿತ್ತು. ಕರೆಮ್ಮ ಸೊಸೆಯ ಬೆನ್ನಿಗೆ ಎದೆ ಕೊಟ್ಟು ಕುಳಿತಳು. "ಹಿಡಿ" ಎಂದರೆ ಹಿಡಿದಳು, "ಬಿಡು" ಎಂದರೆ ಬಿಟ್ಟಳು. ಒಂದು ಮಾತಿಗೂ ಎದುರಾಡಲಿಲ್ಲ. ಗಾಳೆಮ್ಮ ಸೋತು ಕಣ್ಣು ಮುಚ್ಚಿದಾಗ ಕರೀಮಾಬಿ ಆಕೆಯ ಕೆನ್ನೆ ತಟ್ಟಿದಳು. "ಕಣ್ ತಗಿಯವ್ವ. ನೀ ಹುಟ್ಟೂವಾಗ ನಿಮ್ಮವ್ವನ್ನೂ ಹಿಂಗಽ ಕಾಡಿಸಿದ್ದಿ. ಆಕಿ ಸೋತಿದ್ದಿಲ್ಲ." ಒಂದು ಸಲ ಮುಂದೇನೆಂದು ತೋಚದೆ ಕರೀಮಾಬಿ ಕೈ ಹಿಂದಕ್ಕೆ ತೆಗೆದುಕೊಂಡಳು. ಕರೆಮ್ಮ ಆ ಕೈಯನ್ನು ತನ್ನ ಒರಟು ಕೈಯಿಂದ ಒಮ್ಮೆ ಒತ್ತಿ ಹಿಡಿದು ಬಿಟ್ಟಳು.

ಕೂಸು ಬಂತು. ಅಳಲಿಲ್ಲ. ಕರೀಮಾಬಿ ಬಾಯಿ ಒರೆಸಿದಳು, ಉಸಿರು ಊದಿದಳು, ಅಂಗಾಲು ತಟ್ಟಿದಳು, ಬಿಸಿನೀರು ತಣ್ಣೀರು ಎರಡನ್ನೂ ಮೈಗೆ ಸೋಕಿಸಿದಳು. ಬಾಗಿಲಾಚೆ ಇಡೀ ಊರು ನಿಂತಿತ್ತು. ಹೊಳೆಯ ಸದ್ದೊಂದೇ ಕೇಳುತ್ತಿತ್ತು. ಕೊನೆಗೆ ಬೆಕ್ಕಿನ ಮರಿಯಂತೆ ಒಂದು ಸಣ್ಣ ದನಿ ಎದ್ದಿತು, ಸಿಟ್ಟು ಬಂದಂತೆ ಜೋರಾಯಿತು.

"ಹೆಣ್ಣು ಕೂಸು" ಎಂದು ಕರೀಮಾಬಿ ಬಾಗಿಲು ತೆರೆದು ಹೇಳಿದಳು.

"ಆಕಿ ಹ್ಯಾಂಗ ಅದಾಳ?" ಎಂದ ಗದ್ದೆಪ್ಪ. ಅವನು ಮೊದಲು ಕೇಳಿದ್ದು ಹೆಂಡತಿಯ ಬಗ್ಗೆ. ಕರೀಮಾಬಿಗೆ ಅವನ ಮೇಲೆ ಆ ಗಳಿಗೆಯಲ್ಲಿ ಹುಟ್ಟಿದ ಪ್ರೀತಿ ಮತ್ತೆ ಕಡಿಮೆಯಾಗಲಿಲ್ಲ.

ನೀರು ಇಳಿದ ಮೇಲೂ ಕರೆಮ್ಮನ ಮನೆಯ ಕುಸಿದ ಗೋಡೆ ಕಟ್ಟಿ ಮುಗಿಯುವವರೆಗೆ ಬಾಣಂತಿ ಗುಡಿಯಲ್ಲೇ ಉಳಿದಳು. ದೇವಿ ಹುಣಸೆಮರದ ಕೆಳಗೆ ಕಂಬಳಿ ಹೊದ್ದು ಕುಳಿತಳು. ನರಸಣ್ಣ ಅಲ್ಲೇ ಆಕೆಯ ಪಕ್ಕ ಚಾಪೆ ಹಾಕಿದ. ಹೆಂಗಸರು ಮರದ ಕೆಳಗೆ ಕಾಯಿ ಒಡೆದು, ಹಾಗೇ ಕೂಸನ್ನೂ ನೋಡಿ ಹೋಗಲು ಬರುತ್ತಿದ್ದರು. ಬಾಗಿಲಲ್ಲಿ ಕರೀಮಾಬಿ, "ಕಾಲು ತೊಳಕೊಂಡು ಬರ್ರಿ" ಎಂದು ಗದರುತ್ತಿದ್ದಳು. ಗುಡಿಯ ಬಾಗಿಲಲ್ಲಿ ಬೂಬಮ್ಮನ ಅಪ್ಪಣೆ ನಡೆಯುತ್ತಿದೆಯೆಂದು ಗಂಡಸರು ನಗುತ್ತಿದ್ದರು. ಕೂಸಿಗೆ ಹೆಸರಿಡುವ ದಿನ ಎಲ್ಲರೂ ಗದ್ದೆಮ್ಮ ಎಂದೇ ಹೊರಟರು. ಕರೆಮ್ಮ ಒಪ್ಪಲಿಲ್ಲ. "ಯಂಕಮ್ಮ ಅಂತ ಇಡ್ರಿ. ತಾಯಿಯ ತಾಯಿ ಹೆಸರು" ಎಂದಳು. ಕರೀಮಾಬಿ ಅತ್ತ ತಿರುಗಿ ಕಣ್ಣೊರೆಸಿಕೊಂಡಳು.

ಮಾನೌಮಿ ಹತ್ತಿರ ಬಂದಾಗ ಹೊಳೆ ಹರಿಗೋಲಿಗೆ ದಾರಿ ಕೊಟ್ಟಿತು. ಬಾಣಂತಿಯನ್ನೂ ಕೂಸನ್ನೂ ಮಸ್ಕಿಗೆ ಒಯ್ಯಲು ಕರೀಮಾಬಿ ಸಿದ್ಧಳಾದಳು. ಊರೆಲ್ಲ ದಂಡೆಗೆ ಬಂದಿತ್ತು. ಒಣಮೀನು, ಹುಣಸೆಹಣ್ಣು, ಕೌದಿ ಎಲ್ಲ ಬುಟ್ಟಿಗೆ ತುಂಬಿ, ಕೂರುವವರಿಗೆ ಜಾಗ ಇಲ್ಲದಂತಾಗಿತ್ತು. ಅಷ್ಟರಲ್ಲಿ ಕರೆಮ್ಮ ಒಂದು ಅರಿವೆಯ ಗಂಟು ಹಿಡಿದು ಬಂದು ಹರಿಗೋಲಿನೊಳಗೆ ಕಾಲಿಟ್ಟಳು. ಮದುವೆಯಾಗಿ ಗಡ್ಡೆಗೆ ಬಂದ ಮೇಲೆ ಆಕೆ ಹೊಳೆ ದಾಟಿದ್ದನ್ನು ಯಾರೂ ಕಂಡಿರಲಿಲ್ಲ.

"ಎಲ್ಲಿಗೆ ಹೊಂಟಿ ಬೇ?" ಎಂದ ಗದ್ದೆಪ್ಪ.

"ಮಸ್ಕಿಗೆ."

"ಬಾಣಂತಿ ತವರಿಗೆ ಹ್ವಾದ್ರ ಅತ್ತಿ ಬೆನ್ನು ಹತ್ತೂದು ಎಲ್ಲೈತಿ?" ಎಂದಳು ಕರೀಮಾಬಿ.

ಕರೆಮ್ಮ ಗಂಟನ್ನು ಮಡಿಲಲ್ಲಿಟ್ಟುಕೊಂಡು ಕುಳಿತಳು. "ಆಕಿ ಅತ್ತಿ ಅಂತ ಬರಾಕತ್ತಿಲ್ಲ ನಾ. ಬೀಗತಿ ಮನಿಗೆ ಹೊಂಟೀನಿ. ಬೀಗತಿ ಕರೀಲಿಲ್ಲಂದ್ರ ಇಳೀತೀನಿ."

ಕರೀಮಾಬಿಯನ್ನು ಆ ಹೆಸರಿನಿಂದ ಯಾರೂ ಎಂದೂ ಕರೆದಿರಲಿಲ್ಲ. ಹೆತ್ತ ಮಕ್ಕಳ ಮದುವೆ ಮಾಡಿದವರಿಗಷ್ಟೇ ಸಿಗುವ ಹೆಸರು ಅದು. ಆಕೆ ಕೌದಿಯನ್ನು ಪಕ್ಕಕ್ಕೆ ಸರಿಸಿ, ಕರೆಮ್ಮನಿಗೆ ಇನ್ನಷ್ಟು ಜಾಗ ಮಾಡಿಕೊಟ್ಟಳು. ಗದ್ದೆಪ್ಪ ಹುಟ್ಟು ಹಾಕಿದ.

ಮಸ್ಕಿಯಲ್ಲಿ ಬಂಡಿ ಇಳಿಯುವಾಗ ಓಣಿಯವರು ಸುತ್ತುಗಟ್ಟಿ, ಈ ಹೊಸಬಳು ಯಾರೆಂದು ಕೇಳಿದರು. "ನಮ್ಮ ಬೀಗತಿ" ಎಂದಳು ಕರೀಮಾಬಿ, ಅದೇನು ದೊಡ್ಡ ಮಾತಲ್ಲ ಎನ್ನುವಂತೆ. ಮರುದಿನ ಬೆಳಿಗ್ಗೆ ಬಚ್ಚಲಲ್ಲಿ ಕೂಸಿಗೆ ಎರೆಯುವ ನೀರು ಎಷ್ಟು ಬಿಸಿಯಿರಬೇಕು ಎಂದು ಇಬ್ಬರೂ ದನಿ ಏರಿಸಿ ವಾದಕ್ಕೆ ಬಿದ್ದಿದ್ದರು. ಒಳಗೆ ಗಾಳೆಮ್ಮ ಮೈತುಂಬ ಹೊದ್ದು, ಸುಖವಾಗಿ ನಿದ್ದೆ ಮಾಡುತ್ತಿದ್ದಳು.