ಬೂಟಿನ ಉಣ್ಣೆ

ಎಸ್ಕೋನ ಎಡಗೈ ನಡುಗಲು ಶುರುವಾದ ವರ್ಷ ನಮ್ಮ ಮನೆಯಲ್ಲಿ ಕೈಯ ಮಾತನ್ನು ಯಾರೂ ಎತ್ತುತ್ತಿರಲಿಲ್ಲ. ಮಾತೆಲ್ಲ ಬಿಲ್ಲಿನದೇ. ನನ್ನ ಗಂಡ ಎಸ್ಕೋ ಮೇಪಲ್ ಮರ ಕೆತ್ತಿ ತಾನೇ ಮಾಡಿಕೊಂಡ ಬಿಲ್ಲು ಅದು, ರಾಟೆಗೀಟೆ ಏನೂ ಇಲ್ಲದ್ದು. ಹಿಡಿದ ಕೈ ಅಲುಗಿದರೆ ನಡುವಿನ ಕಚ್ಚಿನಲ್ಲಿ ಕೂತ ಬಾಣ ಮರಕ್ಕೆ ಟಕ್ ಟಕ್ ಎಂದು ಬಡಿಯುತ್ತದೆ. ಇಪ್ಪತ್ತು ಹೆಜ್ಜೆ ದೂರದ ಜಿಂಕೆಗೆ ಅಷ್ಟು ಸಾಕು, ಬಾಲ ಎತ್ತಿ ಪರಾರಿ.

"ಕೈಯಲ್ಲ ಕಣೇ ಲೆಂಪಿ, ಈ ಆಸರೆ ಸರಿಯಿಲ್ಲ," ಎನ್ನುತ್ತಿದ್ದ. ಬಾಣ ಕೂರುವ ಆ ಪುಟ್ಟ ಜಾಗಕ್ಕೆ ಆಸರೆ ಎನ್ನುತ್ತಿದ್ದೆವು.

"ಹೌದಪ್ಪ, ಕುಣಿಯೋಕೆ ಬಾರದವಳಿಗೆ ನೆಲ ಡೊಂಕಂತೆ," ಎಂದುಬಿಟ್ಟೆ ಒಂದು ದಿನ. ಅವನು ನಗಲಿಲ್ಲ. ನಾಲಿಗೆ ಕಚ್ಚಿಕೊಂಡೆ. ಆದರೆ ಆಡಿದ ಮಾತು, ಒಡೆದ ಮುತ್ತು.

ಮುಂದಿನ ವರ್ಷ ಬಿಲ್ಲು ಎಳೆಯಲು ಆಗಲಿಕ್ಕಿಲ್ಲ ಎಂದು ಡಾಕ್ಟರು ಹೇಳಿಯಾಗಿತ್ತು. ಅವನಿಗೆ ಬೇಕಿದ್ದದ್ದು ಒಂದೇ ಒಂದು ಜಿಂಕೆ, ಈ ಬಿಲ್ಲಿನಿಂದ, ಕೈ ಇನ್ನೂ ತನ್ನದೇ ಎಂದು ತನಗೆ ಗೊತ್ತಾಗುವಷ್ಟು.

ಅವನ ತಮ್ಮ ಓನ್ನಿ ಅಂಗಡಿಯಿಂದ ಬಗೆಬಗೆಯ ಆಸರೆ ತಂದು ಮೇಜಿನ ಮೇಲೆ ಸುರಿದ. ಪುಟ್ಟ ತೋಳಿನ ಪ್ಲಾಸ್ಟಿಕ್ಕಿನದು ಚಳಿಗೆ ಸೆಟೆದು ಚಟಕ್ ಎನ್ನುತ್ತಿತ್ತು. ಗರಿಯದು ಒದ್ದೆ ಹಿಮಕ್ಕೆ ಹಿಪ್ಪೆಯಾಯಿತು. ಬ್ರಷ್ಷಿನಂಥದ್ದು ಬಾಣವನ್ನೇನೋ ಗಟ್ಟಿಯಾಗಿ ಹಿಡಿಯಿತು, ಆದರೆ ಎಳೆದಾಗಲೆಲ್ಲ ಬೆಕ್ಕು ಬಾಗಿಲು ಕೆರೆದ ಸದ್ದು.

"ಅತ್ತಿಗೆ, ನಿಮ್ಮ ಹಳೇ ಕಾಫಿ ಸೋಸೋ ಬಟ್ಟೆ ಕೊಡಿ, ಅದನ್ನೂ ಅಂಟಿಸಿ ನೋಡೋಣ," ಎಂದ ಓನ್ನಿ.

"ನಿನ್ನ ಬಾಯಿಗೆ ಅಂಟಿಸ್ತೀನಿ, ಸದ್ದಾದ್ರೂ ನಿಲ್ಲತ್ತೆ," ಎಂದೆ.

ಕೊನೆಗೆ ನನ್ನ ಚಳಿಗಾಲದ ಬೂಟಿನೊಳಗಿನ ಉಣ್ಣೆಯ ಪದರವನ್ನೇ ಕತ್ತರಿಸಿದೆ. ಬಾಣದ ಅಡಿಗೆ ಒಂದು ತುಂಡು, ಮಗ್ಗುಲಿಗೆ ಒಂದು ತುಂಡು. ಎಸ್ಕೋ ಹಿತ್ತಲಿನ ಹುಲ್ಲಿನ ಪೆಂಡಿಗೆ ನಲವತ್ತು ಬಾಣ ಬಿಟ್ಟ. ನಲವತ್ತೂ ಅಂಗೈಯಗಲದೊಳಗೆ. ಆವತ್ತು ರಾತ್ರಿ ಮಾಂಸ ತುಂಬಿದ ಕಡುಬು, ಪ್ಯಾಸ್ಟಿ, ಎರಡು ತಿಂದ. ಎಷ್ಟು ತಿಂಗಳಾಗಿತ್ತೋ ಅವನು ಹಾಗೆ ಉಂಡು.

ಬೇಟೆಗೆ ಹೊರಡುವ ಹಿಂದಿನ ದಿನ ಮಧ್ಯಾಹ್ನ ಬಿಲ್ಲು ಹಿಡಿದು ನಿಂತಿದ್ದ. ಮಗ್ಗುಲಿನಿಂದ ತೀರಾ ಸಣ್ಣಗೆ ಟಕ್ ಟಕ್ ಎಂದಿತು. ಅವನಿಗೂ ಕೇಳಿಸಿತು, ಕೇಳಿಸದವನ ಹಾಗೆ ಇದ್ದ. ಅವನು ಮಾತ್ರೆ ನುಂಗಿ ಮಲಗಿದ ಮೇಲೆ ಮಗ್ಗುಲಿನ ಉಣ್ಣೆ ಎಬ್ಬಿಸಿ, ಅದರಡಿಗೆ ಇನ್ನೊಂದು ಪದರ ಅಂಟಿಸಿ, ಮೊದಲಿನ ಹಾಗೇ ಮುಚ್ಚಿದೆ. ಹೇಳಿದರೆ ನೊಂದುಕೊಳ್ಳುತ್ತಾನೆ ಎಂದು ಹೇಳಲಿಲ್ಲ. ಆಸರೆಗೆ ಉಗುರು ತಾಗಿದರೂ ಹತ್ತು ಬಾಣ ಬಿಟ್ಟು ನೋಡದೆ ಕಾಡಿಗೆ ಹೋಗಬಾರದು, ಇದು ಈ ಕಡೆ ಹಾಲು ಕುಡಿಯುವ ಮಕ್ಕಳಿಗೂ ಗೊತ್ತು. ಮೂವತ್ತೆಂಟು ವರ್ಷ ಬಿಲ್ಲುಗಾರನ ಹೆಂಡತಿಯಾಗಿದ್ದವಳಿಗೆ ಗೊತ್ತಿರಲಿಲ್ಲವೇ? ಬೂಟಿನ ಒಂದು ಪದರ ಏನು ಮಾಡೀತು ಎಂದುಕೊಂಡೆ, ಹಾಳಾದವಳು.

ಮರುದಿನ ಹತ್ತು ಗಂಟೆಗೇ ಎಸ್ಕೋ ತಿರುಗಿ ಬಂದ. ಮುಖ ಬೂದಿಯಾಗಿತ್ತು. ಬಾಣವನ್ನು ಮೇಜಿನ ಮೇಲಿಟ್ಟ. ಅದಕ್ಕೆ ಹಸಿರು ಮೆತ್ತಿತ್ತು, ನಾರುತ್ತಿತ್ತು. ಎದೆಗೆ ಬೀಳಬೇಕಾದದ್ದು ಹೊಟ್ಟೆಗೆ ಬಿದ್ದಿತ್ತು.

"ಕೈ ನಡುಗಲಿಲ್ಲ ಲೆಂಪಿ. ದೇವರಾಣೆಗೂ. ಕಲ್ಲಿನ ಹಾಗೆ ನಿಂತಿತ್ತು."

"ಹೋಗ್ಲಿ ಬಿಡು ಮಾರಾಯ," ಎಂದೆ. "ವಯಸ್ಸಾಯ್ತಲ್ಲ."

ಹೊಟ್ಟೆಗೆ ಬಾಣ ಬಿದ್ದ ಜಿಂಕೆಯನ್ನು ಕೂಡಲೇ ಅಟ್ಟಬಾರದು, ಅದು ಮಲಗಿ ಸಾಯುವವರೆಗೆ ಕಾಯಬೇಕು. ಕಾಯುತ್ತ ಕೂತೆವು. ಮಧ್ಯಾಹ್ನ ಹಿಮ ಬೀಳತೊಡಗಿತು, ರಕ್ತದ ಜಾಡೆಲ್ಲ ಮುಚ್ಚಿಹೋಯಿತು. ಮೂರನೆಯ ದಿನ ಜೌಗಿನ ಮೇಲೆ ಕಾಗೆ ಸುತ್ತುವುದು ಕಂಡು ಅಣ್ಣತಮ್ಮಂದಿರು ಹೋದರು. ತೋಳದಂಥ ಕಾಡುನಾಯಿಗಳು ತಿಂದು ಉಳಿಸಿದ್ದಿತ್ತು. ಅದು ಎಷ್ಟು ಹೊತ್ತು ನರಳಿರಬೇಕೆಂದು ಎಸ್ಕೋ ಬಾಯಿಬಿಟ್ಟು ಕೇಳಿದ.

"ಕೈ ನಡುಗಲಿಲ್ಲ ಕಣೋ," ಎಂದು ತಮ್ಮನಿಗೂ ಹೇಳಿದ. ಓನ್ನಿ ನನ್ನ ಮುಖ ನೋಡಿದ, ನಾನು ನೆಲ ನೋಡಿದೆ. ಆಮೇಲೆ ಎಸ್ಕೋ ಆ ಮಾತು ಆಡಲೇ ಇಲ್ಲ. ಹೆದೆ ಬಿಚ್ಚಿ ಬಿಲ್ಲನ್ನು ಓನ್ನಿಯ ಕೈಗಿಟ್ಟ.

ಫೆಬ್ರವರಿಯಲ್ಲಿ ಓನ್ನಿ ಆ ಬಿಲ್ಲು ಹಿಡಿದು ಹಿತ್ತಲಿಗೆ ಬಂದ. ಹೆದೆ ಕಟ್ಟಿ ಹತ್ತು ಬಾಣ ಬಿಟ್ಟ.

"ಅತ್ತಿಗೆ, ಇಲ್ಲಿ ಬನ್ನಿ. ಇದು ಎಡಕ್ಕೆ ಹೊಡೀತಿದೆ. ನೋಡಿ, ಎಲ್ಲ ನಾಲ್ಕು ಬೆರಳು ಎಡಕ್ಕೆ."

ಚಾಕುವಿನ ಮೊನೆಯಿಂದ ಮಗ್ಗುಲಿನ ಉಣ್ಣೆಯ ಅಂಚು ಎಬ್ಬಿಸಿದ. "ಅಯ್ಯೋ, ಎರಡು ಪದರ ಇದೆಯಲ್ಲ! ಅದಕ್ಕೇ ಬಾಣಾನ ಎಡಕ್ಕೆ ತಳ್ತಿದೆ. ಯಾರು ಹಾಕಿದ್ದು?"

ಆ ಜಿಂಕೆ ಬಲಕ್ಕೆ ಮುಖ ಮಾಡಿ ನಿಂತಿತ್ತೆಂದು ಎಸ್ಕೋ ಎಷ್ಟು ಸಲ ಹೇಳಿದ್ದ! ಎದೆಯಿಂದ ನಾಲ್ಕು ಬೆರಳು ಎಡಕ್ಕೆ ಸರಿದರೆ ಹೊಟ್ಟೆ. ನೆಲವೇ ಡೊಂಕಿತ್ತು, ಡೊಂಕು ಮಾಡಿದವಳು ನಾನು.

ಬಿಲ್ಲು ಹಿಡಿದು ಒಳಗೆ ಹೋದೆ, ಓನ್ನಿ ಹಿಂದೆಯೇ ಬಂದ. ಕಿಟಕಿಯ ಬಳಿ ಎಸ್ಕೋ ಕೂತಿದ್ದ. ಅಷ್ಟು ಹೊತ್ತಿಗೆ ಎರಡೂ ಕೈಯ ಸ್ವಾಧೀನ ಹೋಗಿತ್ತು, ಕಾಫಿಯನ್ನು ನಾನೇ ಕುಡಿಸುತ್ತಿದ್ದೆ. ಎಲ್ಲ ಹೇಳಿದೆ. ಅಳುತ್ತಲೇ ಹೇಳಿದೆ.

"ಹಾಗಾದ್ರೆ ಕೈ ನಡುಗಿರಲಿಲ್ಲ," ಎಂದ.

"ಇಲ್ಲ."

"ನಾನು ಹೇಳಿದ್ದೆ."

"ಹೇಳಿದ್ದೆ ಕಣೋ."

"ನೀವಿಬ್ರೂ ನಂಬಲಿಲ್ಲ. ಆಮೇಲೆ ನಾನೂ ನಂಬಲಿಲ್ಲ." ಬಿಲ್ಲಿನ ಕಡೆ ತಿರುಗಿದ. "ಕೊಡು ಇಲ್ಲಿ."

ಬಿಲ್ಲನ್ನು ಅವನ ಎಡಗೈಗಿಟ್ಟು, ಜಾರದಂತೆ ನನ್ನ ಕೈ ಒತ್ತಿ ಹಿಡಿದೆ. ಬಾಣವನ್ನು ಹೆದೆಗೆ ಸಿಕ್ಕಿಸಿದ್ದು ಓನ್ನಿ. ಎಳೆಯುವ ಶಕ್ತಿ ಎಲ್ಲಿಂದ ಬರಬೇಕು? ಸುಮ್ಮನೆ ಹಿಡಿದು ಕೂತ. ಕೈ ನಡುಗಿತು, ಬಿಲ್ಲು ನಡುಗಿತು, ಬಾಣದ ಮೊನೆ ಗಾಳಿಯಲ್ಲಿ ಅತ್ತಿತ್ತ ಹೊಡೆದಾಡಿತು. ಎರಡು ಪದರ ಉಣ್ಣೆಯ ಮೇಲೆ ಅಷ್ಟೆಲ್ಲ ಕುಣಿದರೂ ಒಂದು ಚೂರು ಸದ್ದಿಲ್ಲ.

ಎಸ್ಕೋ ಕಿವಿಗೊಟ್ಟು ಕೇಳಿದ.

"ಒಳ್ಳೇ ಆಸರೆ ಕಣೇ," ಎಂದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.