ಮೂರು ಫೈಲು

ನನ್ನ ಗಂಡ ಸ್ಪೇರ್ ಪಾರ್ಟ್ಸ್ ಗೋದಾಮಿನ ಸ್ಟೋರ್‌ಕೀಪರ್. ಬೇರಿಂಗ್ ಇಡೋ ಜಾಗದಲ್ಲಿ ಒಂದು ನಟ್ಟು ಕಂಡರೆ ಸಾಕು, ಅವತ್ತು ಕೆಲಸದವರ ಗ್ರಹಚಾರ ನೆಟ್ಟಗಿಲ್ಲ ಅಂತಲೇ ಅರ್ಥ. ಆ ಹಾಳು ಶಿಸ್ತನ್ನ ಮೈಗೆ ಬಂದ ರೋಗಕ್ಕೂ ಹಚ್ಚಿದರು ನೋಡಿ, ಅದಕ್ಕೇ ನನಗೆ ಮೈಯೆಲ್ಲ ಉರಿಯೋದು.

ತಲೆ, ಮೊಣಕೈ ತುಂಬ ಸೋರಿಯಾಸಿಸ್. ಅದಕ್ಕೆ ಚರ್ಮದ ಡಾಕ್ಟ್ರು, ಒಂದು ಫೈಲು. ಆಮೇಲೆ ಬೆರಳು ಊದಿ, ಬೆಳಗ್ಗೆ ಲೋಟ ಹಿಡಿಯೋಕೂ ಆಗದ ಹಾಗಾಯ್ತು. ಅದಕ್ಕೆ ಕೀಲಿನ ಡಾಕ್ಟ್ರು, ಇನ್ನೊಂದು ಫೈಲು. ಒಣ ಕೆಮ್ಮು ಶುರುವಾದಾಗ ಒಬ್ಬರೇ ಹೋಗಿ ಎದೆ ಡಾಕ್ಟ್ರನ್ನ ಹಿಡಿದರು, ಮೂರನೇ ಫೈಲು. ಮಾರಾಯರು ಅಲ್ಲಿ ಕೆಮ್ಮು ಬಿಟ್ಟರೆ ಬೇರೆ ಸೊಲ್ಲೆತ್ತಿಲ್ಲ. ಆಸ್ತಮಾ ಇರಬಹುದು ಅಂತ ಆ ಡಾಕ್ಟ್ರು ಎಂಟು ತಿಂಗಳು ಪಂಪು ಎಳೆಸಿದರು. ಕೆಮ್ಮು ಜಪ್ಪಯ್ಯ ಅನ್ನಲಿಲ್ಲ.

ಮೊದಮೊದಲು ಮೆಟ್ಟಿಲು ಹತ್ತಿದರೆ ಏದುಸಿರು. ಆಮೇಲೆ ಸಾಕ್ಸ್ ಹಾಕಿಕೊಂಡರೂ ಏದುಸಿರು. ಹೋದ ವಾರ ಒಂದು ವಾಕ್ಯ ಮುಗಿಸೋಕೆ ಮೂರು ಸಲ ನಿಂತರು. ನಾನು ಮೂರೂ ಫೈಲು ಬಾಚಿಕೊಂಡು, ಅವರ ರಟ್ಟೆ ಹಿಡಿದು ಎಳಕೊಂಡು ಹೋಗಿ ಎದೆ ಡಾಕ್ಟ್ರ ಟೇಬಲ್ ಮೇಲೆ ಕುಕ್ಕಿದೆ.

ಡಾಕ್ಟ್ರು ಓದಿದರು. ಸ್ಕ್ಯಾನ್ ಮಾಡಿಸಿದರು. ಮೂರು ದಿನ ಬಿಟ್ಟು ಕರೆದರು.

"ಕೀಲುವಾತ, ಸೋರಿಯಾಸಿಸ್ ಇರೋರಿಗೆ ಶ್ವಾಸಕೋಶಕ್ಕೂ ಪೆಟ್ಟು ಬೀಳೋದುಂಟು. ಕೀಲಿಗೆ ನುಂಗೋ ಮಾತ್ರೆಯಿಂದಲೂ ಆಗಿರಬಹುದು, ಅದನ್ನ ನೋಡ್ತೀವಿ. ಆದರೆ ಒಳಗೆ ಗಾಯ ಗಟ್ಟಿಯಾಗಿಬಿಟ್ಟಿದೆ. ಆ ಭಾಗ ಮತ್ತೆ ಸರಿ ಹೋಗಲ್ಲ, ಉಳಿದದ್ದನ್ನ ಉಳಿಸಿಕೊಳ್ಳೋಣ. ಇದೆಲ್ಲ ನನಗೆ ಮೊದಲೇ ಯಾಕೆ ಹೇಳಲಿಲ್ಲ?"

ನನ್ನ ಪಿತ್ತ ನೆತ್ತಿಗೇರಿತು. ಡಾಕ್ಟ್ರು ಎದುರಿಗಿದಾರೆ ಅನ್ನೋದನ್ನೂ ನೋಡಲಿಲ್ಲ. "ಕೇಳ್ತಿದಾರಲ್ಲ, ಹೇಳ್ರೀ. ಬಾಯಿಗೆ ಬೀಗ ಜಡಕೊಂಡಿದ್ರಾ? ನಿಮ್ಮ ಪ್ರಾಣಕ್ಕೆ ನೀವೇ ಕುತ್ತು ತಂದ್ಕೊಂಡ್ರಿ."

ಅವರು ಉಸಿರು ಕೂಡಿಸಿಕೊಂಡರು. ಕೋಪ ಏನಿರಲಿಲ್ಲ ಮುಖದಲ್ಲಿ.

"ಚರ್ಮದ ಡಾಕ್ಟ್ರ ಹತ್ರ ಮೊದಲ ಸಲ ಹೋದಾಗ... ಮಂಡಿ ನೋವಿನ ಮಾತು ತೆಗೆದೆ. ನೀನು ಗದರಿದೆ. ಕೇಳಿದ್ದಕ್ಕಷ್ಟೇ ಹೇಳಿ... ಅವರಿಗೆ ಅದೆಲ್ಲ ಯಾಕೆ, ಹೊರಗೆ ಜನ ಕಾಯ್ತಿದಾರೆ ಅಂತ."

ಗದರಿದ್ದು ಹೌದು. ಹೊರಗೆ ಅಷ್ಟು ಜನ ಕಾಯ್ತಿರುವಾಗ ಇವರು ಮಾತು ಬೆಳೆಸಿದ್ದಕ್ಕೆ ಅವತ್ತು ನನಗೆ ನಾಚಿಕೆಯಾಗಿತ್ತು.

ಮೂವತ್ತೊಂದು ವರ್ಷದ ಸಂಸಾರದಲ್ಲಿ ನಾನು ಹೇಳಿದ್ದನ್ನ ಈ ಮನುಷ್ಯ ಒಂದು ಸಲನಾದರೂ ಕಿವಿಗೆ ಹಾಕಿಕೊಂಡವರಲ್ಲ. ಪಾಲಿಸಿದ್ದು ಅದೊಂದು ಮಾತನ್ನ.